ಉಳಿದ ಮೂವತ್ತು ದಿನ

ಬಾಗೂರು ರಸ್ತೆಯ ಆ ಅಂಗಡಿಗೊಂದು ಬೋರ್ಡಿದೆ,
ಚನ್ನರಾಯಪಟ್ಟಣದಲ್ಲಿ ಅದನ್ನು ಓದಿದವರಿಲ್ಲ.
ಗುಣಮಾಲಾ ಅಂಗಡಿ, ಅಷ್ಟೆ.
ಹೊತ್ತು ಮುಳುಗುವ ಮುಂಚೆ ಅವರ ಊಟ.
ಐದೂವರೆಗೆ ಷಟರು ಅರ್ಧ ಇಳಿಯುತ್ತದೆ,
ಒಳಗಿಂದ ಸಾಸಿವೆ ಸಿಡಿದ ಮಜ್ಜಿಗೆಯ ವಾಸನೆ,
ಹೊರಗೆ ನಾವು, ಖಾಲಿ ಮಾತ್ರೆಪಟ್ಟಿ ಹಿಡಿದವರು.
ಆ ಹತ್ತು ನಿಮಿಷ ಯಾರೂ ಗೊಣಗುವುದಿಲ್ಲ.

ನನ್ನ ಚೀಟಿ ಮಡಿಕೆಗಳಲ್ಲಿ ಹರಿದು ನಾಲ್ಕು ಚೂರು.
ಚಿಲ್ಲರೆಯ ಜೊತೆ ಕಂಡಕ್ಟರ್ ಚೀಲದಲ್ಲಿ ಕುಲುಕಿ ಕುಲುಕಿ
ಡಾಕ್ಟರ ಅಕ್ಷರವೂ ಕಂಚಿನ ಬಣ್ಣಕ್ಕೆ ತಿರುಗಿದೆ.
"ಅದೇ ಕೊಡಿ" ಅಂತೀನಿ.
ಅದೇ ಅಂದರೆ ಯಾವುದೆಂದು ಅವರಿಗೆ ಗೊತ್ತು;
ಮೂರನೇ ಸಾಲು, ಎಡಗಡೆ ಡಬ್ಬ,
ತಿರುಗಿ ನೋಡದೆಯೇ ಕೈ ಹೋಗುತ್ತದೆ.

ಅವತ್ತು ಹೋಗಲಿಲ್ಲ.
ಉದ್ದನೆಯ ಪುಸ್ತಕ ತೆಗೆದು, ಬೆರಳಿಟ್ಟು,
"ಫೆಬ್ರವರಿ ನಾಲ್ಕಕ್ಕೆ ಮೂವತ್ತು ಮಾತ್ರೆ ತಗೊಂಡಿದೀರ.
ಇವತ್ತು ಏಪ್ರಿಲ್ ಐದು, ಯಶೋಧರಮ್ಮ."

ನಾನು ಲೆಕ್ಕದವಳು. ಎಪ್ಪತ್ತು ಜನರ ಬಸ್ಸಲ್ಲಿ
ಯಾರು ಎಲ್ಲಿ ಹತ್ತಿದರು, ಯಾರು ಎಲ್ಲಿ ಇಳಿಯದೆ ಕೂತರು,
ಶೂನ್ಯ ಟಿಕೆಟ್ಟು ಎಷ್ಟು, ಕಾಸಿನದು ಎಷ್ಟು,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಕಿಕ್ಕೇರಿ ತಿರುವಿನಲ್ಲಿ ಲೈನ್ ಚೆಕಿಂಗ್‌ನವರು
ಕೈ ಅಡ್ಡ ಹಿಡಿದಾಗಲೂ ಬೆವರಿದವಳಲ್ಲ.
ಅವತ್ತು ಬೆವರಿದೆ.
"ಮಧ್ಯ ಒಂದ್ಸಲ ಹಾಸನದಲ್ಲಿ ತಗೊಂಡೆ."
ಅವರು ನನ್ನ ಖಾಲಿ ಪಟ್ಟಿಯ ಬೆನ್ನು ತಿರುಗಿಸಿ
ನಂಬರನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು.
ಸುಳ್ಳು ಅನ್ನಲಿಲ್ಲ.

ಹಿಂದೆ ಇಬ್ಬರು ಗಂಡಸರು, ಒಬ್ಬ ಕೆಮ್ಮಿನ ಹುಡುಗ.
"ಪೌಡರ್ ತೋರಿಸ್ತೀನಿ, ಈ ಕಡೆ ಬನ್ನಿ" ಎಂದು
ಮಕ್ಕಳ ಹಾಲಿನ ಡಬ್ಬಗಳ ಮರೆಗೆ ಕರೆದು
ಸಣ್ಣಗೆ ಕೇಳಿದರು:
"ಡ್ಯೂಟಿ ಇರೋ ದಿನ ತಗೊಳ್ಳಲ್ಲ, ಅಲ್ವಾ?"

ಒಂದು ದಿನ ಡ್ಯೂಟಿ, ಒಂದು ದಿನ ರಜೆ.
ಆ ಮಾತ್ರೆ ಬಿಪಿಯನ್ನು ನೀರು ಮಾಡಿ ಇಳಿಸುವಂಥದ್ದು.
ನುಂಗಿ ಹತ್ತಿದರೆ ಶ್ರವಣಬೆಳಗೊಳ ದಾಟುವಷ್ಟರಲ್ಲಿ
ಹೊಟ್ಟೆಯ ಕೆಳಗೆ ಕಲ್ಲು.
ಡ್ರೈವರ್ ಕೆಂಪಣ್ಣನಿಗೆ ಯಾವ ಬೇಲಿಯಾದರೂ ಆಗುತ್ತದೆ,
"ಟೈರ್ ನೋಡ್ಬರ್ತೀನಿ" ಅಂತ ಇಳಿಯುತ್ತಾನೆ.
ನಾನು ಯಾವ ಟೈರ್ ನೋಡಲಿ?
ಕೆ.ಆರ್. ಪೇಟೆ ನಿಲ್ದಾಣದಲ್ಲಿ ಬೀಗ ತೆಗೆದಿದ್ದರೆ ಪುಣ್ಯ,
ತೆಗೆದಿದ್ದರೂ ಒಳಗೆ ಹೋದೊಡನೆ ಹಾರನ್ನು.

ಇದನ್ನೆಲ್ಲ ಡಾಕ್ಟರಿಗೆ ಹೇಳಿರಲಿಲ್ಲ.
ಅವರು ಕೇಳಿದ್ದು ಉಪ್ಪು, ಉಪ್ಪಿನಕಾಯಿ, ನಿದ್ದೆ.
ಮನೆಯಲ್ಲೂ ಹೇಳಿರಲಿಲ್ಲ.
ಹಾಲಿನ ಡಬ್ಬಗಳಿಗೆ ಹೇಳಿದೆ.

ಗುಣಮಾಲಾ ತಾವಾಗಿ ಏನೂ ಬದಲಾಯಿಸಲಿಲ್ಲ.
ಫೋನಿನಲ್ಲಿ ಡಾಕ್ಟರನ್ನು ಹಿಡಿದು,
ಜೋರಾಗಿ "ಕಂಡಕ್ಟರ್ ಕೆಲಸ ಸಾರ್" ಎಂದರು,
ಉಳಿದದ್ದನ್ನು ಅಂಗೈ ಮರೆ ಮಾಡಿ.
"ನಾಳೆ ಬೆಳಿಗ್ಗೆ ಹೋಗಿ, ಬೇರೆ ಬರೆದುಕೊಡ್ತಾರಂತೆ.
ಹಳೇ ಚೂರುಗಳನ್ನ ಇಲ್ಲೇ ಬಿಡಿ."

ಹೊಸದು ಬಿಳಿ, ಬೇಳೆಗಿಂತ ಚಿಕ್ಕದು.
ಮೊದಲ ವಾರ ಕಾಲು ಸ್ವಲ್ಪ ಊದಿತು,
ಅದಕ್ಕೂ ಹೋಗಿ ಕೇಳಿದೆ, ಈ ಸಲ ಎಲ್ಲರೆದುರಿಗೇ.
ನಾಲ್ಕು ಉಳಿದಾಗ ಪಟ್ಟಿಯ ಫೋಟೊ ಕಳಿಸುತ್ತೇನೆ,
"ಎತ್ತಿಟ್ಟಿದೀನಿ" ಎಂದು ಉತ್ತರ,
ಒಮ್ಮೊಮ್ಮೆ ಅದೂ ಇಲ್ಲ, ಒಂದು ಹೆಬ್ಬೆರಳು.

ಮೊನ್ನೆ ಕಿಕ್ಕೇರಿ ದಾಟಿದ ಮೇಲೆ
ಹಿಂದಿನ ಸೀಟಿನ ಮುದುಕಿ ತೋಳು ಜಗ್ಗಿ
ಕಿವಿ ಹತ್ತಿರ ಬಾ ಎಂದಳು.
ಅವಳು ಬಾಯಿ ತೆರೆಯುವ ಮುಂಚೆಯೇ ಸೀಟಿ ಊದಿದೆ.
ಹೊಂಗೆ ಮರದ ಹತ್ತಿರ ಬಸ್ಸು ನಿಂತಿತು.
ಕೆಂಪಣ್ಣ ಕನ್ನಡಿಯಲ್ಲಿ ಹುಬ್ಬು ಹಾರಿಸಿದ.
"ಟೈರ್ ನೋಡ್ಬೇಕಂತೆ" ಎಂದೆ.